ಏಳನೆಯ ಮಣಿ

ಟೈಯ ಗಂಟು ಮೂರನೆಯ ಸಲವೂ ಓರೆಯಾಯಿತು. ಡ್ಯಾನಿಯಲ್ ಅದನ್ನು ಬಿಚ್ಚಿ, ಮೊದಲು ತನ್ನ ಕೊರಳಿಗೇ ಹಾಕಿಕೊಂಡು ಸರಿಯಾಗಿ ಗಂಟು ಬಿಗಿದ. ಆಮೇಲೆ ಸಡಿಲಿಸಿ, ತಲೆಯ ಮೇಲಿನಿಂದ ತೆಗೆದು ಪಾಸ್ಕಲನ ಕೊರಳಿಗೆ ತೊಡಿಸಿದ. ಶವಾಗಾರದ ತಣ್ಣನೆಯ ಕೋಣೆಯಲ್ಲಿ ನವಾಝ್ ಸತ್ತವನ ತಲೆಯನ್ನು ಎರಡೂ ಅಂಗೈಗಳಲ್ಲಿ ಎತ್ತಿ ಹಿಡಿದುಕೊಂಡಿದ್ದ.

"ಈಗ ಸರಿ ಆಯ್ತು ನೋಡಿ ಡ್ಯಾನಿಯಲಣ್ಣ," ಎಂದ ನವಾಝ್. "ಪೊರ್ಬುಗಳು ಟೈ ಕಟ್ಟಿದ್ದು ನಾನು ಇವತ್ತೇ ನೋಡುದು."

ನವಾಝ್ ಉಳ್ಳಾಲದ ಬ್ಯಾರಿ, ಎರಡು ಮಕ್ಕಳ ತಂದೆ. ಒಮಾನಿನ ದುಕ್ಮ್‌ನ ಲೇಬರ್ ಕ್ಯಾಂಪಿನ ಸ್ಟೋರಿನಲ್ಲಿ ಆರು ವರ್ಷದಿಂದ ಪಾಸ್ಕಲನ ಕೈಕೆಳಗಿದ್ದವನು. ಊರ ಕಡೆಯಲ್ಲಿ ಕ್ರಿಸ್ತುವರನ್ನು ಕರೆಯುವ ಹಾಗೆ ಅವನೂ ಪಾಸ್ಕಲನನ್ನು ಪೊರ್ಬುಗಳು ಎಂದೇ ಕರೆಯುತ್ತಿದ್ದ. ಕಳೆದ ಭಾನುವಾರ ಸಂಜೆ ತನ್ನ ಕ್ಯಾಬಿನ್ನಿನ ಮಂಚದ ಮೇಲೆ ಕೂತಲ್ಲೇ ಎದೆನೋವು ಬಂದು ಪಾಸ್ಕಲ್ ತೀರಿಕೊಂಡಾಗ ಮೊದಲು ಕಂಡವನೂ ಅವನೇ. ಪೊಲೀಸು, ಆಸ್ಪತ್ರೆ, ಎಂಬಸಿ ಎಂದು ಕಾಗದಪತ್ರ ಮುಗಿಯುವಷ್ಟರಲ್ಲಿ ಶುಕ್ರವಾರ ಬಂದಿತ್ತು. ಕಂಪನಿ ಬಸ್ಸಿನಲ್ಲಿ ಆರು ಗಂಟೆ ಕೂತು ನವಾಝ್ ಮಸ್ಕತ್ತಿಗೆ ಬಂದಿದ್ದ. ಬಾ ಎಂದು ಅವನನ್ನು ಯಾರೂ ಕರೆದಿರಲಿಲ್ಲ.

ಕೋಟು ಮದುವೆಯ ಕಾಲದ್ದು. ಪಾಸ್ಕಲನ ಹೆಂಡತಿ ಇಸಾಬೆಲ್ಲಾ ಇಸ್ತ್ರಿ ಹಾಕಿಸಿ ಕಳಿಸಿದ್ದಳು. ಇಪ್ಪತ್ತನಾಲ್ಕು ವರ್ಷದಲ್ಲಿ ಹೊಟ್ಟೆ ಮುಂದೆ ಬಂದು, ಗುಂಡಿ ಹಾಕುವುದು ಆಗದ ಮಾತಾಗಿತ್ತು. ಡ್ಯಾನಿಯಲ್ ಆದರೂ ಎಳೆದು ನೋಡುತ್ತಿದ್ದ.

"ನಂಗೆ ಒಂದೇ ಸಮಾಧಾನ," ಎಂದ ನವಾಝ್. "ಕೊನೆಗೆ ನಿಮ್ಮ ಹತ್ರ ತುಂಬ ಹೊತ್ತು ಮಾತಾಡಿದ್ರು. ಗೋಡೆ ತೆಳು ಅಲ್ವಾ, ನಂಗೆ ಕೇಳ್ತಿತ್ತು. ಈ ಮನುಷ್ಯನಿಗೆ ಪುಣ್ಯಕ್ಕೆ ಡ್ಯಾನಿಯಲಣ್ಣ ಒಬ್ರಾದ್ರೂ ಇದ್ದಾರಲ್ಲ ಅಂತ ಗ್ರಹಿಸಿದೆ."

ಡ್ಯಾನಿಯಲನ ಕೈ ಗುಂಡಿಯ ಮೇಲೆ ನಿಂತಿತು. ಆ ಕರೆ ಅವನ ಫೋನಿನಲ್ಲಿ ಇನ್ನೂ ಹಾಗೇ ಇತ್ತು: ಭಾನುವಾರ, ಸಂಜೆ ಏಳು ಗಂಟೆ, ಹದಿನಾಲ್ಕು ನಿಮಿಷ. ಆ ಹದಿನಾಲ್ಕು ನಿಮಿಷದಲ್ಲಿ ಅವನು ಫೋನಿನ ಹತ್ತಿರ ಇದ್ದದ್ದು ಹೆಚ್ಚೆಂದರೆ ಅರ್ಧ ನಿಮಿಷ.

"ಗುಂಡಿ ಬೇಡ ಬಿಡಿ," ಎಂದ ನವಾಝ್. "ಅವರಿಗೆ ಉಸಿರು ಕಟ್ತದೆ."

ಹೇಳಿದ ಮೇಲೆ ಅವನಿಗೇ ಅದರ ಅರ್ಥ ಹೊಳೆದು, ಮುಖ ಆಚೆ ತಿರುಗಿಸಿದ.

* * *

ಮಸ್ಕತ್ತಿನ ಮಂಗಳೂರು ಕ್ರಿಸ್ತುವರಲ್ಲಿ ಯಾರ ಮನೆಯ ಮದುವೆ, ನಾಮಕರಣವಿದ್ದರೂ ಟೋಸ್ಟ್ ಎತ್ತಲು ಪಾಸ್ಕಲನೇ ಬೇಕು ಎನ್ನುವ ಕಾಲವೊಂದಿತ್ತು. ಒಂದು ಕೈಯಲ್ಲಿ ಗ್ಲಾಸು, ಇನ್ನೊಂದರಲ್ಲಿ ಮೈಕು ಹಿಡಿದು ನಿಂತನೆಂದರೆ ಅಳುವ ಮುದುಕಿಯೂ ನಗಬೇಕು. ಆ ಗ್ಲಾಸು ಟೋಸ್ಟ್ ಮುಗಿದ ಮೇಲೂ ಕೈಬಿಡುವುದಿಲ್ಲ ಎನ್ನುವುದು ಇಸಾಬೆಲ್ಲಾಳಿಗೆ ಗೊತ್ತಿತ್ತು. ಉಳಿದವರು ಗೊತ್ತಿಲ್ಲದ ಹಾಗೆ ಇದ್ದರು.

ಹನ್ನೊಂದು ವರ್ಷದ ಹಿಂದೆ ಮಗಳು ಶರಲಳ ಮೊದಲ ಪರಮಪ್ರಸಾದದ ಊಟ. ಮಗಳಿಗೆ ಅಪ್ಪನೇ ಟೋಸ್ಟ್ ಎತ್ತುವ ಕ್ರಮವಿಲ್ಲ, ಆದರೂ ಪಾಸ್ಕಲ್ ಮೈಕು ಕಸಿದುಕೊಂಡ. ಮಗಳು ಹುಟ್ಟಿದ ರಾತ್ರಿ ತಾನು ಆಸ್ಪತ್ರೆಯ ದಾರಿ ತಪ್ಪಿ ದೂರದ ಗಡಿಯ ಬುರೈಮಿಯ ಅರ್ಧ ದಾರಿ ಹೋಗಿ ಬಂದ ಕತೆ ಹೇಳಿದ. ಜನ ಬಿದ್ದು ಬಿದ್ದು ನಕ್ಕರು, ಗ್ಲಾಸು ಎತ್ತಿದರು, ಹಾಡಿದರು. ಕಾಲು ಗಂಟೆಯ ಮೇಲೆ ಅವನು ಮತ್ತೆ ಎದ್ದ. ಅದೇ ಕತೆ, ಅದೇ ಬುರೈಮಿ, ಅದೇ ಜಾಗದಲ್ಲಿ ಅದೇ ಕೆಮ್ಮು. ತಮಾಷೆಗೆ ಹಾಗೆ ಮಾಡುತ್ತಿದ್ದಾನೆಂದು ಜನ ಇನ್ನೂ ಜೋರಾಗಿ ನಕ್ಕರು. ಮೂರನೆಯ ಸಲ ಶುರು ಮಾಡಿದಾಗ ಯಾರೂ ನಗಲಿಲ್ಲ. ಒಂಬತ್ತು ವರ್ಷದ ಶರಲ್ ಬಿಳಿ ಫ್ರಾಕು ಎತ್ತಿ ಹಿಡಿದುಕೊಂಡು ಬಂದು ಅವನ ಕೈಯಿಂದ ಮೈಕು ತೆಗೆದುಕೊಂಡಳು.

"ಡ್ಯಾಡಾ, ಯೂ ಆಲ್ರೆಡಿ ಸೆಡ್ ಇಟ್," ಎಂದಳು. ಅದು ಮೈಕಿನಲ್ಲಿ ಇಡೀ ಹಾಲಿಗೆ ಕೇಳಿಸಿತು.

ಮರುವಾರ ಪಾಸ್ಕಲ್ ಅಲ್ ಖುವೈರಿನಲ್ಲಿ ಡ್ಯಾನಿಯಲನ ಆಫೀಸಿನ ಕೆಳಗೆ ಬಂದು ಅವನ ಕಾರಿನಲ್ಲಿ ಕೂತ. ಡ್ಯಾನಿಯಲ್ ಒಮಾನಿಗೆ ಹೊಸದಾಗಿ ಬಂದಾಗ ಎಂಟು ತಿಂಗಳು ತನ್ನ ಕೋಣೆಯಲ್ಲಿಟ್ಟು ಅನ್ನ ಹಾಕಿದವನು ಪಾಸ್ಕಲ್. ಅವನು ಏನು ಕೇಳಿದರೂ ಇಲ್ಲವೆನ್ನುವ ಹಾಗಿರಲಿಲ್ಲ.

"ಡ್ಯಾನಿ, ನಾನು ಧ್ಯಾನಕೂಟಕ್ಕೆ ಹೋಗಿದ್ದೆ. ಫಾದರ್ ಹೇಳಿದ್ರು, ಜೀವಮಾನದ ಹರಕೆ ಎಲ್ಲ ಹೊರ್ಬೇಡ, ನಿನ್ನಂಥವನಿಂದ ಆಗುದಿಲ್ಲ, ಆರು ನಿಮಿಷದ ಹರಕೆ ಹೊತ್ಕೋ ಅಂತ. ನಂಗೆ ಬಾಯಿ ಒಣಗುದು ಸಂಜೆ ಏಳಕ್ಕೆ. ಆವಾಗ ನಿನಗೆ ಫೋನ್ ಮಾಡ್ತೇನೆ. ತೇರ್ಸಿನ ಹತ್ತು ಮಣಿ ಮಾತ್ರ. ನಾನು ನಮಾನ್ ಮರಿಯೆ ಹೇಳ್ತೇನೆ, ನೀನು ಸಾಂತ್ ಮರಿಯೆ ಹೇಳು. ಅಷ್ಟು ದಾಟಿದ್ರೆ ಆ ದಿನ ದಾಟ್ತದೆ."

"ಇಸಾಬೆಲ್ಲಾ ಬಾಯ್ ಹತ್ರವೇ ಹೇಳ್ಬಹುದಲ್ಲ ಬಾಬ್?"

"ಅವಳ ಹತ್ರ ಹೇಳಿದ್ರೆ ದಿನಾ ಏಳಕ್ಕೆ ಅವಳ ಎದೆ ಹೊಡ್ಕೊಳ್ತದೆ. ನಿನಗೆ ಹಾಗೆ ಆಗುದಿಲ್ಲ. ಒಬ್ಬ ಉತ್ತರ ಕೊಡುವವ ಬೇಕು, ಅಷ್ಟೇ ಮಾರಾಯ. ಒಬ್ಬನೇ ಹೇಳಿದ್ರೆ ಅರ್ಧದಲ್ಲಿ ಬಾಟ್ಲಿ ನೆನಪಾಗ್ತದೆ."

ಹೀಗೆ ಶುರುವಾಯಿತು. ತೇರ್ಸೆಂದರೆ ಜಪಮಾಲೆ; ಮಣಿಗೊಂದರಂತೆ ಮರಿಯಮ್ಮನ ಪ್ರಾರ್ಥನೆ, ಮೊದಲರ್ಧ ಒಬ್ಬರು, ಉಳಿದರ್ಧ ಇನ್ನೊಬ್ಬರು, ಅಜ್ಜಿಯಂದಿರ ಕಾಲದಿಂದ ಮನೆಮನೆಯಲ್ಲಿ ಹೇಳುತ್ತ ಬಂದ ಕ್ರಮ. ಆಗ ಏಳು ಗಂಟೆಗೆ ಡ್ಯಾನಿಯಲ್ ಹೆದ್ದಾರಿಯ ಟ್ರಾಫಿಕ್ಕಿನಲ್ಲಿ ಸಿಕ್ಕಿಬಿದ್ದಿರುತ್ತಿದ್ದ. ಅಲ್ಲಿ ಪ್ರಾರ್ಥನೆಯನ್ನಲ್ಲದೆ ಬೇರೇನನ್ನೂ ಮಾಡಲು ಆಗುವುದಿಲ್ಲ. ಪಾಸ್ಕಲ್ ಕುಡಿಯುವುದನ್ನು ಬಿಟ್ಟ. ಬಿಟ್ಟೆ ಎಂದು ಅವನು ಒಮ್ಮೆಯೂ ಹೇಳಿದವನಲ್ಲ. "ಇವತ್ತಿಂದು ಆಯ್ತು" ಎಂದು ಫೋನಿಡುತ್ತಿದ್ದ.

* * *

ಮೂರು ಗಂಟೆಗೆ ಘಾಲಾದ ಚರ್ಚಿನಲ್ಲಿ ಪೂಜೆ. ಹೊರಗಿನ ಅಂಗಳದಲ್ಲಿ ಜನ ಗುಂಪು ಗುಂಪಾಗಿ ನಿಂತು, ಹೆಣವನ್ನು ಊರಿಗೆ ಯಾಕೆ ಕಳಿಸಲಿಲ್ಲ ಎಂದು ಪಿಸುಗುಡುತ್ತಿದ್ದರು. ಪಾಸ್ಕಲನ ಮನೆಯ ಕೆಳಗಿನ ಫ್ಲ್ಯಾಟಿನ ಗೋಪಾಲಕೃಷ್ಣ, ಮೈಸೂರಿನವರು, ಡ್ಯಾನಿಯಲನನ್ನು ಕಂಡು ಹತ್ತಿರ ಬಂದರು. ಅವರಿಗೆ ಯಾವ ಸಾವೂ ಏನಾದರೊಂದು ಸೂಚನೆ ಕೊಡದೆ ಬರುವುದಿಲ್ಲ ಎನ್ನುವ ನಂಬಿಕೆ.

"ಕೊನೇದಾಗಿ ನಿಮ್ಮ ಹತ್ರಾನೇ ಮಾತಾಡಿದ್ರಂತಲ್ಲ ಸಾರ್? ಕಾಲು ಗಂಟೆ ಮಾತಾಡಿದ್ರು ಅಂತ ಆ ಹುಡುಗ ನವಾಝ್ ಹೇಳ್ತಿದ್ದ. ಏನಂದ್ರು?"

"ಹಾಗೇನಿಲ್ಲ... ಯಾವಾಗಲೂ ಮಾತಾಡುವ ಹಾಗೆಯೇ."

"ಇಲ್ಲ ಇಲ್ಲ, ಏನೋ ಅಂದಿರ್ತಾರೆ. ನೆನಪು ಮಾಡ್ಕೊಳ್ಳಿ. ಪಾಪ, ಆ ಹೆಣ್ಣುಮಗಳಿಗೆ ಅಷ್ಟಾದ್ರೂ ಸಿಗ್ಲಿ."

ನಾಲಿಗೆಗೆ ಎಲುಬಿಲ್ಲ. ಡ್ಯಾನಿಯಲ್ ಸುಮ್ಮನಿದ್ದಿದ್ದರೂ ಆಗುತ್ತಿತ್ತು, ಅಳು ಬಂದ ಹಾಗೆ ಕರವಸ್ತ್ರ ತೆಗೆದಿದ್ದರೂ ನಡೆಯುತ್ತಿತ್ತು. ಆದರೆ ಅವನ ಬಾಯಿಂದ ಮಾತು ಬಂದೇಬಿಟ್ಟಿತು: "ಇಸಾಬೆಲ್ಲಾಳನ್ನೂ ಮಗಳನ್ನೂ ದೇವರ ಕೈಯಲ್ಲಿ ಇಟ್ಟಿದ್ದೇನೆ, ನಂಗೆ ಯಾವ ಭಯವೂ ಇಲ್ಲ ಅಂದ್ರು."

ಗೋಪಾಲಕೃಷ್ಣರ ಕಣ್ಣು ತುಂಬಿತು. "ನೋಡಿದ್ರಾ, ನಾನು ಹೇಳ್ಲಿಲ್ವಾ," ಎಂದು ಅವರು ಹೆಂಡತಿ ಪದ್ಮಮ್ಮನ ಕಡೆಗೆ ಹೋದರು. ಪದ್ಮಮ್ಮ ಹೂವಿನ ಬುಟ್ಟಿ ಹಿಡಿದಿದ್ದವರಿಗೆ ಹೇಳಿದರು, ಅವರು ಹಾಡಿನ ಗುಂಪಿನವರಿಗೆ. ಗಂಟೆ ಹೊಡೆಯುವಷ್ಟರಲ್ಲಿ ಆ ಮಾತು ಪಾದ್ರಿಯ ಕಿವಿ ಮುಟ್ಟಿತ್ತು.

"ನಮ್ಮ ಸಹೋದರ ಪಾಸ್ಕಲನ ಕೊನೆಯ ಮಾತು ಏನಿತ್ತು ಗೊತ್ತುಂಟಾ?" ಪ್ರವಚನದ ನಡುವೆ ಪಾದ್ರಿ ಕೊಂಕಣಿಯಲ್ಲಿ ಕೇಳಿದರು. ಆಮೇಲೆ ಡ್ಯಾನಿಯಲನ ಸುಳ್ಳನ್ನು ಒಂದಕ್ಷರ ಬಿಡದೆ, ದೇವರ ವಾಕ್ಯ ಓದಿದ ಅದೇ ಮೈಕಿನಲ್ಲಿ ಹೇಳಿದರು. ಬೆಂಚುಗಳಲ್ಲಿ ಕೂತವರು ಡ್ಯಾನಿಯಲನ ಕಡೆ ತಿರುಗಿ ನೋಡಿದರು. ಅವನ ಹೆಂಡತಿ ಹೇಝಲ್ ಹೆಮ್ಮೆಯಿಂದ ಅವನ ಕೈ ಅದುಮಿದಳು. ಮುಂದಿನ ಸಾಲಿನಲ್ಲಿ ಕೂತ ಶರಲಳ ಹೆಗಲು ಅದುರುತ್ತಿತ್ತು. ಇಸಾಬೆಲ್ಲಾ ಮಾತ್ರ ತಿರುಗಿ ನೋಡಲಿಲ್ಲ.

ಪರಮಪ್ರಸಾದದ ಸಾಲಿಗೆ ಎಲ್ಲರೂ ಎದ್ದರು. ಡ್ಯಾನಿಯಲ್ ಏಳಲಿಲ್ಲ.

"ಯಾಕೆ, ಬರುದಿಲ್ವಾ?" ಎಂದಳು ಹೇಝಲ್.

"ಈಗಷ್ಟೇ ಚಾ ಕುಡಿದೆ. ಪ್ರಸಾದಕ್ಕೆ ಮೊದಲು ಒಂದು ಗಂಟೆ ಏನೂ ತಗೊಳ್ಬಾರ್ದಲ್ಲ."

ಅದೂ ಸುಳ್ಳು. ಬೆಳಿಗ್ಗೆಯಿಂದ ಅವನ ಗಂಟಲಲ್ಲಿ ನೀರೂ ಇಳಿದಿರಲಿಲ್ಲ.

* * *

ಎರಡು ವರ್ಷದ ಹಿಂದೆ ಡ್ಯಾನಿಯಲನ ಕಂಪನಿಗೆ ದುಕ್ಮ್‌ನ ಬಸ್ಸುಗಳ ಕಾಂಟ್ರ್ಯಾಕ್ಟು ಸಿಕ್ಕಿತು. ಯಾವ ಬಸ್ಸು, ಯಾವ ಡ್ರೈವರ್, ಯಾವ ಕ್ಯಾಂಪು ಎಂದು ಆಫೀಸಿನಲ್ಲಿ ಕೂತು ಹೊಂದಿಸುವುದು ಅವನ ಕೆಲಸ. ಶಿಫ್ಟ್ ಬದಲಾಗುವುದು ಸಂಜೆ ಏಳಕ್ಕೆ. ದಿನದ ಇಪ್ಪತ್ತನಾಲ್ಕು ಗಂಟೆಯಲ್ಲಿ ಅವನಿಗೆ ಉಸಿರಾಡಲು ಸಮಯವಿಲ್ಲದ ಗಂಟೆಯೆಂದರೆ ಅದೊಂದೇ.

ಪಾಸ್ಕಲನಿಗೆ ಹೇಳಿದ್ದರೆ ಎಂಟಕ್ಕೆ ಫೋನ್ ಮಾಡುತ್ತಿದ್ದನೋ ಏನೋ. ಹೇಳಲು ಡ್ಯಾನಿಯಲನಿಗೆ ನಾಚಿಕೆ. ಅನ್ನ ಹಾಕಿದವನಿಗೆ ಆರು ನಿಮಿಷ ಇಲ್ಲವೆನ್ನುವುದು ಹೇಗೆ? ಹಾಗಾಗಿ ಒಂದು ಶುಕ್ರವಾರ ಮಧ್ಯಾಹ್ನ ಹಳೆಯ ಫೋನೊಂದನ್ನು ಅಡುಗೆಮನೆಯ ಕಟ್ಟೆಯ ಮೇಲಿಟ್ಟು, ಮೊದಲರ್ಧವನ್ನು ಮನಸ್ಸಿನಲ್ಲೇ ಹೇಳಿಕೊಂಡು, ಅಷ್ಟು ಹೊತ್ತು ಬಿಟ್ಟು, ತನ್ನ ಪಾಲಿನ ಹತ್ತು ಉತ್ತರಗಳನ್ನು ರೆಕಾರ್ಡ್ ಮಾಡಿದ. ಏಳನೆಯದಕ್ಕೆ ಬಾಯಿ ತೆರೆಯುವಾಗ ಒಲೆಯ ಮೇಲಿನ ಕುಕ್ಕರ್ ಸೀಟಿ ಹೊಡೆಯಿತು. ಸೀಟಿ ನಿಲ್ಲುವ ತನಕ ಕಾದು, ಮುಂದುವರಿಸಿದ. ಮತ್ತೆ ಮೊದಲಿಂದ ಮಾಡುವಷ್ಟು ತಾಳ್ಮೆ ಇರಲಿಲ್ಲ.

"ಒಬ್ರೇ ಯಾರಿಗೆ ತೇರ್ಸ್ ಹೇಳ್ತಿದ್ದೀರಿ?" ಎಂದು ಹೇಝಲ್ ಒಳಗೆ ಬಂದು ಕೇಳಿದ್ದಳು.

"ಅಭ್ಯಾಸ ಮಾಡ್ತಿದ್ದೇನೆ," ಎಂದಿದ್ದ. ಗಂಡನಿಗೆ ಭಕ್ತಿ ಬಂದಿತೆಂದು ಅವಳು ಆ ದಿನ ಮೀನು ಸ್ವಲ್ಪ ಹೆಚ್ಚೇ ಬಡಿಸಿದ್ದಳು.

ಆಮೇಲೆ ಸುಲಭವಾಯಿತು. ಏಳು ಗಂಟೆಗೆ ಪಾಸ್ಕಲನ ಸಾದಾ ಕಾಲ್ ಬರುತ್ತಿತ್ತು. "ಡ್ಯಾನಿ, ಶುರು ಮಾಡುವಾ?" "ಹ್ಞೂಂ ಬಾಬ್." ಎರಡು ಫೋನುಗಳನ್ನು ಮುಖಾಮುಖಿ ಇಟ್ಟರೆ ಆಯಿತು, ಒಂದು ಕೇಳುತ್ತದೆ, ಇನ್ನೊಂದು ಉತ್ತರ ಕೊಡುತ್ತದೆ. ಡ್ಯಾನಿಯಲ್ ಆಚೆ ಹೋಗಿ ಡ್ರೈವರುಗಳಿಗೆ ಕೂಗಾಡಿ ಬರುತ್ತಿದ್ದ. ಮೊದಮೊದಲು ಕೆಲಸದ ದಿನ ಮಾತ್ರ. ಕ್ರಮೇಣ ರಜೆಯ ಶುಕ್ರವಾರವೂ. ಪಾಸ್ಕಲ್ ಒಂದು ದಿನವೂ ಏನೂ ಹೇಳಲಿಲ್ಲ. ಅವನ ಮೊದಲರ್ಧ ಮಾತ್ರ ಇತ್ತೀಚೆಗೆ ತುಂಬ ಒಂದೇ ಹದದಲ್ಲಿ, ಅಳೆದು ಹೇಳಿದ ಹಾಗೆ ಬರುತ್ತಿತ್ತು. ಕುಡಿಯುವುದು ಬಿಟ್ಟ ಮೇಲೆ ಮನುಷ್ಯ ಎಷ್ಟು ನಿಧಾನಿಯಾದ ಎಂದು ಡ್ಯಾನಿಯಲ್ ಅಂದುಕೊಂಡಿದ್ದ.

ಕಳೆದ ಭಾನುವಾರ ಹೈಮಾದ ಆಚೆ ಒಂದು ಬಸ್ಸು ಕೆಟ್ಟು ನಲವತ್ತು ಜನ ರಸ್ತೆಯಲ್ಲಿ ನಿಂತಿದ್ದರು. ಆ ಗಲಾಟೆಯ ನಡುವೆ ಏಳಾಯಿತು.

"ಡ್ಯಾನಿ, ಇವತ್ತು ಸ್ವಲ್ಪ..." ಎಂದ ಪಾಸ್ಕಲ್.

"ಹ್ಞೂಂ ಬಾಬ್, ಶುರು ಮಾಡಿ," ಎಂದ ಡ್ಯಾನಿಯಲ್. ಹಳೆಯ ಫೋನಿನ ಗುಂಡಿ ಒತ್ತಿ ಕೆಳಗೆ ಓಡಿದ.

ಮರಳಿ ಬಂದಾಗ ಕರೆ ಕಡಿದಿತ್ತು. ಹದಿನಾಲ್ಕು ನಿಮಿಷ ಎಂದಿತ್ತು. ಯಾವತ್ತೂ ಆರು ಇರುತ್ತಿದ್ದದ್ದು ಇವತ್ತು ಹದಿನಾಲ್ಕು ಹೇಗಾಯಿತು ಎಂದು ಒಂದು ಕ್ಷಣ ಅನ್ನಿಸಿತು. ನಾಳೆ ಕೇಳಿದರಾಯಿತು ಎಂದುಕೊಂಡು ಮೆಕ್ಯಾನಿಕ್ಕಿಗೆ ಫೋನ್ ಹಚ್ಚಿದ. ಒಂದು ಗಂಟೆಯ ಮೇಲೆ ನವಾಝನ ಫೋನ್ ಬಂತು.

* * *

ಬೋಳು ಗುಡ್ಡಗಳ ನಡುವಿನ ಆ ಸ್ಮಶಾನದಲ್ಲಿ ಮಣ್ಣೆಂದರೆ ಮಣ್ಣಲ್ಲ, ಜಲ್ಲಿ. ಒಬ್ಬೊಬ್ಬರು ಹಿಡಿ ಹಿಡಿ ಹಾಕಿದಾಗ ಪೆಟ್ಟಿಗೆಯ ಮೇಲೆ ಬಾಗಿಲು ಬಡಿದ ಹಾಗೆ ಸದ್ದಾಯಿತು. ಶರಲ್ ಆ ಸದ್ದಿಗೆ ಬೆಚ್ಚಿಬೀಳುತ್ತಿದ್ದಳು. ಮಂಗಳೂರಿನಲ್ಲಿ ನರ್ಸಿಂಗ್ ಓದುತ್ತಿದ್ದ ಅವಳು ಸೋಮವಾರವೇ ಹಾರಿ ಬಂದಿದ್ದಳು.

"ಊರಿಗೆ ಕೊಂಡುಹೋಗ್ಬಹುದಿತ್ತಲ್ಲ ಮಗಾ," ಎಂದರು ಪಕ್ಕದಲ್ಲಿದ್ದ ಪದ್ಮಮ್ಮ, ಅವಳ ಬೆನ್ನು ಸವರುತ್ತ.

"ಡ್ಯಾಡಾನೇ ಬೇಡ ಅಂದಿದ್ರು ಆಂಟಿ. ಊರಿನ ಸಿಮೆಟ್ರಿಯಲ್ಲಿ ನನ್ನನ್ನು ಎಲ್ಲರೂ ಕುಡುಕ ಪಾಸ್ಕು ಅಂತಾರೆ, ಇಲ್ಲಿ ಮಲಗಿದ್ರೆ ಪಾಸ್ಕಲ್ ಅಂತ ಬರೀತಾರೆ, ಅಂತ."

ಡ್ಯಾನಿಯಲನ ಸರದಿ ಬಂತು. ಜಲ್ಲಿಯನ್ನು ಬಗ್ಗಿ, ಆದಷ್ಟು ಕೆಳಗಿನಿಂದ, ಸದ್ದಾಗದಂತೆ ಬಿಟ್ಟ. ಆದರೂ ಸದ್ದಾಯಿತು.

ಜನ ಕಾರುಗಳ ಕಡೆ ನಡೆದಾಗ ನವಾಝ್ ಗೋಡೆಯ ಬದಿಗೆ ಅವನನ್ನು ಕರೆದ. ಅತ್ತ ಇತ್ತ ನೋಡಿದ.

"ಡ್ಯಾನಿಯಲಣ್ಣ, ನಿಮ್ಮ ಹತ್ರ ಮಾತ್ರ ಹೇಳುದು. ಇಸಾಬೆಲ್ಲಾ ಬಾಯ್‌ಗೂ ಹೇಳ್ಲಿಲ್ಲ ನಾನು. ಆ ದಿನ ಅವರ ಎದುರು ಟೇಬಲ್ ಮೇಲೆ ಬಾಟ್ಲಿ ಇತ್ತು."

ಡ್ಯಾನಿಯಲ್ ಅವನ ಕಡೆ ತಿರುಗಿದ. "ಎಂತ ಬಾಟ್ಲಿ?"

"ಅದೇ. ಹಿಂದೆ ಸೈಟಿನ ಒಬ್ಬ ಬಿಳಿಯ ಇಂಜಿನಿಯರ್ ಊರಿಗೆ ಹೋಗುವಾಗ ಕೊಟ್ಟದ್ದು. ಸ್ಟೋರಿನ ಕಪಾಟಲ್ಲಿ ಎರಡು ವರ್ಷದಿಂದ ಇತ್ತು. ಪೊರ್ಬುಗಳಿಗೆ ಆ ದಿನ ಮಧ್ಯಾಹ್ನ ಕಂಪನಿಯಿಂದ ಲೆಟರ್ ಬಂದಿತ್ತು, ತಿಂಗಳ ನೋಟೀಸು, ಖಲಾಸ್. ಈ ಪ್ರಾಯದಲ್ಲಿ ಇನ್ನು ಯಾರು ಕೆಲಸ ಕೊಡ್ತಾರೆ? ಸಂಜೆ ತನಕ ಒಂದು ಮಾತಿಲ್ಲ. ಆರೂವರೆಗೆ ಕಪಾಟು ತೆಗ್ದು ಬಾಟ್ಲಿ ತಗೊಂಡು ಹೋದ್ರು. ನಾನು ನೋಡಿದೆ. ಎಂತ ಹೇಳುದು ಹೇಳಿ, ನಂಗಿಂತ ದೊಡ್ಡವರು."

"ಕುಡಿದಿದ್ರಾ?" ಎಂದ ಡ್ಯಾನಿಯಲ್.

"ಇಲ್ಲ! ಸೀಲ್ ಹಾಗೇ ಇತ್ತು." ನವಾಝ್ ಎದೆ ಮುಟ್ಟಿಕೊಂಡ. "ಅಲ್ಲಾಹನ ಆಣೆ. ಪೊಲೀಸ್ ಬರುವ ಮೊದಲು ನಾನೇ ಟವೆಲಲ್ಲಿ ಹಿಡ್ದು ಸಿಂಕಿಗೆ ಸುರಿದೆ. ಸತ್ತ ಮೇಲೆ ಅವರ ಹೆಸರಿಗೆ ಮಸಿ ಬೇಡ ಅಂತ. ಆಮೇಲೆ ಏಳು ಸಲ ಕೈ ತೊಳ್ದೆ. ಅವರು ಕುಡಿಯದೆ ಉಳಿದದ್ದು ನಿಮ್ಮಿಂದ. ನಿಮ್ಮ ಹತ್ರ ತೇರ್ಸ್ ಹೇಳಿದ್ರು. ಮುಗಿದ ಮೇಲೆ ಲೆಟರ್ ವಿಷಯ ಎಲ್ಲ ನಿಮಗೆ ಹೇಳ್ತಿದ್ರು. ಆಮೇಲೆ..."

"ಆಮೇಲೆ?"

"ಆಮೇಲೆ ಮತ್ತೆ ಮೊದಲಿಂದ ತೇರ್ಸ್ ಶುರು ಮಾಡಿದ್ರು. ಆರು ವರ್ಷ ಕೇಳ್ತಾ ಕೇಳ್ತಾ ನಂಗೂ ಬಾಯಿಪಾಠ ಅಲ್ವಾ. ಆದ್ರೆ ಈ ಸಲ ನಿಮ್ಮ ಪಾಲಿಂದೂ ಅವರೇ ಹೇಳ್ತಿದ್ರು. ನಿಮ್ಮ ಕಡೆ ನೆಟ್‌ವರ್ಕ್ ಹೋಗಿತ್ತಾ?"

ಡ್ಯಾನಿಯಲ್ ಗುಡ್ಡದ ಕಡೆ ನೋಡಿದ. ಹೌದೆಂದರೆ ಇನ್ನೊಂದು ಸುಳ್ಳು, ಇಲ್ಲವೆಂದರೆ ಎಲ್ಲ ಹೇಳಬೇಕು. ಮಧ್ಯಾಹ್ನ ಒಂದು ಹೇಳಿ ಅದು ಪ್ರವಚನದ ತನಕ ಹೋದದ್ದನ್ನು ಕಂಡಿದ್ದ.

"ನೆಟ್‌ವರ್ಕ್ ಇತ್ತು," ಎಂದ. "ನಾನು ಇರ್ಲಿಲ್ಲ ನವಾಝ್. ಫೋನ್ ಇಟ್ಟು ಹೋಗಿದ್ದೆ."

ನವಾಝ್ ತಲೆ ತಗ್ಗಿಸಿ ಚಪ್ಪಲಿಯಿಂದ ಒಂದು ಕಲ್ಲನ್ನು ಗೋಡೆಗೆ ಒತ್ತಿದ. ಆಮೇಲೆ "ನಂಗೆ ಬಸ್ಸಿಗೆ ಹೊತ್ತಾಯ್ತು," ಎಂದು ಕೈಕೊಟ್ಟು ನಡೆದುಬಿಟ್ಟ. ಬೆಳಿಗ್ಗೆಯಿಂದ ಡ್ಯಾನಿಯಲಣ್ಣ ಎನ್ನುತ್ತಿದ್ದವನು ಈಗ ಹಾಗೆ ಅನ್ನಲಿಲ್ಲ.

ಕಾರಿನ ಹತ್ತಿರ ಆಫೀಸಿನ ಕಿಶನ್ ಕಾಯುತ್ತಿದ್ದ. ಹೇಝಲ್ ಬೇರೆ ಹೆಂಗಸರ ಜೊತೆ ಇಸಾಬೆಲ್ಲಾಳ ಮನೆಗೆ ಹೋಗಿಯಾಗಿತ್ತು.

"ಮುಖ ನೋಡು, ಹೆಣದ ಹಾಗೆ ಆಗಿದೆ ನಿಂದು," ಎಂದ ಕಿಶನ್. "ಕೀ ಇಲ್ಲಿ ಕೊಡು, ನಾನು ಬಿಡ್ತೇನೆ. ಮೊದಲು ನನ್ನ ರೂಮಿಗೆ ಹೋಗುವ. ಈ ತಿಂಗಳ ಲಿಕರ್ ಪರ್ಮಿಟಿನ ಬಾಟ್ಲಿ ಇನ್ನೂ ಮುಟ್ಲಿಲ್ಲ ನಾನು. ಎರಡು ಹಾಕಿದ್ರೆ ಎಲ್ಲ ಸರಿ ಆಗ್ತದೆ ಮಾರಾಯ."

ಡ್ಯಾನಿಯಲ್ ಹಬ್ಬಕ್ಕೊಮ್ಮೆ ಕುಡಿಯುವವನು, ಬಿಟ್ಟರೆ ನೆನಪೂ ಆಗದವನು. ಆದರೆ ಕಿಶನ್ ಎರಡು ಎಂದ ಕೂಡಲೇ ಅವನ ಬಾಯಿಯ ಪಸೆ ಆರಿತು, ಕೈ ತಾನಾಗಿ ಕೀಲಿಯನ್ನು ಹೊರಗೆ ತೆಗೆಯಿತು. ಎರಡು ಹಾಕಿದರೆ ಗೋಡೆಯ ಬದಿಯಲ್ಲಿ ಕೇಳಿದ್ದೆಲ್ಲ ಮಸುಕಾಗುತ್ತದೆ, ಇವತ್ತು ಇಸಾಬೆಲ್ಲಾಳ ಎದುರು ಹೋಗಬೇಕಾಗಿಯೂ ಇಲ್ಲ. ಗಡಿಯಾರ ನೋಡಿದ. ಏಳಕ್ಕೆ ಇಪ್ಪತ್ತು ನಿಮಿಷ. ಹನ್ನೊಂದು ವರ್ಷ ಈ ಬಾಯಾರಿಕೆಗೆ ಉತ್ತರ ಹೇಳುತ್ತ ಬಂದವನಿಗೆ ಅದು ಎಂಥದೆಂದು ಗೊತ್ತಾದದ್ದು ಈಗ.

"ಇವತ್ತು ಬೇಡ ಕಿಶನ್," ಎಂದ. "ಏಳು ಗಂಟೆಗೆ ನಂಗೆ ಒಂದು ಕೆಲಸ ಉಂಟು."

* * *

ಅಲ್ ಖುವೈರಿನ ಮೂರನೆಯ ಮಹಡಿಯ ಆ ಮನೆಯಲ್ಲಿ ಜನ ಕರಗಿದ್ದರು. ಅಡುಗೆಮನೆಯಲ್ಲಿ ಹೇಝಲ್ ಮತ್ತು ಶರಲ್ ದೊಡ್ಡ ಪಾತ್ರೆಯಲ್ಲಿ ಗಂಜಿ ಇಟ್ಟಿದ್ದರು. ಸಾವಿನ ಮನೆಯಲ್ಲಿ ಆ ದಿನ ಅದೇ ಊಟ. ಇಸಾಬೆಲ್ಲಾ ಯೇಸುವಿನ ಪಟದ ಕೆಳಗಿನ ಕುರ್ಚಿಯಲ್ಲಿ ಕೂತಿದ್ದಳು. ಅವಳ ಮಡಿಲಲ್ಲಿ ಪಾಸ್ಕಲನ ಹಳೆಯ ಮಣಿಸರವಿತ್ತು. ಪೆಟ್ಟಿಗೆಯಲ್ಲಿ ಅವನ ಕೈಗೆ ಹೊಸದೊಂದನ್ನು ಸುತ್ತಿ, ಇದನ್ನು ತಾನು ಇಟ್ಟುಕೊಂಡಿದ್ದಳು.

"ಬಾ ಡ್ಯಾನಿ," ಎಂದಳು.

ಅವನು ಎದುರಿನ ಸ್ಟೂಲಿನ ಮೇಲೆ ಕೂತ.

"ಬಾಯ್, ಫಾದರ್ ಪ್ರವಚನದಲ್ಲಿ ಹೇಳಿದ್ರಲ್ಲ, ಆ ಮಾತು... ಪಾಸ್ಕಲ್ ಬಾಬ್ ಹೇಳಿದ್ದಲ್ಲ ಅದು."

"ಗೊತ್ತುಂಟು," ಎಂದಳು ಇಸಾಬೆಲ್ಲಾ. "ಅವರು ಹಾಗೆಲ್ಲ ಮಾತಾಡುವ ಜನ ಅಲ್ಲ. ನಂಗೆ ಯಾವ ಭಯವೂ ಇಲ್ಲ ಅಂತ ಅವರ ಬಾಯಲ್ಲಿ ಬರ್ಲಿಕ್ಕೇ ಇಲ್ಲ. ಅವರಿಗೆ ದಿನಾ ಭಯ."

"ನಾನು..."

"ಏಳು ಆಯ್ತು," ಎಂದಳು ಅವಳು, ಗೋಡೆಯ ಗಡಿಯಾರ ನೋಡಿ. "ಮೊದಲು ಅದು ಆಗ್ಲಿ. ಅವರು ಇಲ್ಲ ಅಂತ ಇವತ್ತು ತಪ್ಪುದು ಬೇಡ. ನಾನು ಅವರ ಪಾಲಿಂದು ಹೇಳ್ತೇನೆ, ನೀನು ನಿಂದು ಹೇಳು."

ಅವಳು ಶಿಲುಬೆಯ ಗುರುತು ಹಾಕಿ ಶುರುಮಾಡಿದಳು. ಮೊದಲ ಮಣಿಗೆ ಡ್ಯಾನಿಯಲನ ಉತ್ತರ ಒಡೆದು ಬಂತು. ಎರಡನೆಯದು ಸ್ವಲ್ಪ ಸರಿಯಾಯಿತು. ಎಷ್ಟು ತಿಂಗಳಾಗಿತ್ತು ಈ ಮಾತುಗಳನ್ನು ತನ್ನ ಬಾಯಿಂದ ಹೇಳಿ! ಪಾಪಿಗಳಾದ ನಮಗಾಗಿ ಬೇಡಿಕೋ, ಈಗಲೂ, ನಮ್ಮ ಮರಣದ ಗಳಿಗೆಯಲ್ಲೂ. ಆ ಗಳಿಗೆಯಲ್ಲಿ ಪಾಸ್ಕಲ್ ಇದನ್ನೂ ತಾನೇ ಹೇಳಿಕೊಳ್ಳಬೇಕಾಯಿತಲ್ಲ ಎಂದು ನೆನೆದು ಅವನಿಗೆ ನಾಲ್ಕನೆಯದರಲ್ಲಿ ಅಳು ಬಂತು. ಇಸಾಬೆಲ್ಲಾ ನಿಲ್ಲಿಸಲಿಲ್ಲ. ಐದು. ಆರು. ಬಾಯಿ ಒಣಗುವುದು ಯಾವಾಗ ನಿಂತಿತೆಂದು ಅವನಿಗೆ ತಿಳಿಯಲಿಲ್ಲ.

ಏಳನೆಯ ಮಣಿಗೆ ಅವಳು ತನ್ನ ಅರ್ಧ ಮುಗಿಸಿದಳು. ಡ್ಯಾನಿಯಲ್ ಬಾಯಿ ತೆರೆದ. ಅವಳು ಅಂಗೈ ಎತ್ತಿ ತಡೆದಳು.

"ನಿಲ್ಲು. ಇಲ್ಲಿ ಕುಕ್ಕರ್ ಸೀಟಿ ಬರ್ಲಿಕ್ಕುಂಟು."

ಡ್ಯಾನಿಯಲ್ ಅವಳ ಮುಖ ನೋಡಿದ. ಅಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ಎಷ್ಟೋ ಒಳ್ಳೆಯದಿತ್ತು.

"ರಜೆಗೆ ಮನೆಗೆ ಬಂದಾಗ ಸ್ಪೀಕರ್ ಹಾಕ್ತಿದ್ರು," ಎಂದಳು. "ನಂಗೂ ಕೇಳ್ತಿತ್ತು. ಅವರಿಗೆ ಎರಡನೇ ದಿನವೇ ಗೊತ್ತಾಗಿದೆ. ಇನ್ನು ಅವನಿಗೆ ಫೋನ್ ಮಾಡ್ಬೇಡಿ, ಮಾನ ಮರ್ಯಾದೆ ಇಲ್ಲದವ ಅಂತ ನಾನು ಬೈದೆ. ಅವರಿಗೆ ನಗು. ದೇವರು ಇಷ್ಟು ವರ್ಷದಲ್ಲಿ ಒಂದು ಸಲ ತಿರುಗಿ ಮಾತಾಡಿದ್ದುಂಟಾ? ಡ್ಯಾನಿ ಹತ್ತು ಸಲ ಮಾತಾಡ್ತಾನೆ, ಮತ್ತೆಂತ ಬೇಕು ಅಂತ. ಬೇಗ ಹೇಳಿದ್ರೆ ನಿನ್ನ ಉತ್ತರ ತಪ್ಪಿಹೋಗ್ತದೆ ಅಂತ ಅಳೆದು ಅಳೆದು ಹೇಳ್ತಿದ್ರು. ಸೀಟಿ ಬಂದ ಕೂಡ್ಲೇ, ಡ್ಯಾನಿ ಮನೇಲಿ ಇವತ್ತೂ ಅನ್ನ ಆಯ್ತು, ದೇವರಿಗೆ ಸ್ತೋತ್ರ ಅನ್ನುದು."

"ಬಾಯ್, ಆ ದಿನ ನಾನು..."

"ಆಮೇಲೆ ಹೇಳು. ಎಲ್ಲ ಹೇಳು. ಮೊದಲು ಇದು ಮುಗೀಲಿ."

ಅವಳು ಮತ್ತೆ ಅದೇ ಮಣಿಯನ್ನು ಹಿಡಿದು, ಮೊದಲರ್ಧವನ್ನು ಇನ್ನೊಮ್ಮೆ, ಗಂಡ ಹೇಳುತ್ತಿದ್ದ ಅದೇ ಹದದಲ್ಲಿ ಹೇಳಿದಳು. ಡ್ಯಾನಿಯಲನ ತುಟಿ ಅಲುಗಿತು, ಮಾತು ಬರಲಿಲ್ಲ. ಅಡುಗೆಮನೆಯಲ್ಲಿ ಸೌಟಿನ ಸದ್ದು ನಿಂತಿತು. ಇಸಾಬೆಲ್ಲಾ ಅವಸರ ಮಾಡಲಿಲ್ಲ. ಏಳನೆಯ ಮಣಿಯನ್ನು ಎರಡು ಬೆರಳುಗಳ ನಡುವೆ ಹಿಡಿದು, ಕಿವಿಯನ್ನು ಸ್ವಲ್ಪ ಅವನ ಕಡೆಗೆ ವಾಲಿಸಿ, ಫೋನಿನ ಆಚೆ ಇರುವವನಿಗೆ ಕಾಯುವ ಹಾಗೆ ಕಾಯುತ್ತ ಕೂತಳು.